ಕುದುರೆ ಬಾಬ್ತು

ಅಕ್ಷರಕ್ಕೆ ಹದಿನೆಂಟು ರೂಪಾಯಿ ಅಂದ ಮೌನೇಶ,
ಒತ್ತಕ್ಷರವಿದ್ದರೆ ಇಪ್ಪತ್ತೆರಡು.
ಕರಿಕಲ್ಲು ಆಗಲೇ ಗದಗಿನಿಂದ ಬಂದು
ಬೆಳಗಂಟಿಯ ಪಂಚಾಯಿತಿ ಕಟ್ಟೆಗೆ ಒರಗಿದೆ
ಏನನ್ನೂ ಹೇಳದೆ.

ಬರೆದುಕೊಡಬೇಕಾದವಳು ನಾನು,
ಊರ ಸಾಲಿಯ ಕನ್ನಡ ಟೀಚರು,
ಲಾಯದ ಹುಸೇನಸಾಬನ ಮರಿಮೊಮ್ಮಗಳು.
'ಪ್ರಜಾವತ್ಸಲ, ಅನಾಥರಕ್ಷಕ, ಶ್ರೀಮಂತ
ತಮ್ಮಪ್ಪ ದೇಸಾಯರು', ಇಷ್ಟಾದರೆ ಸಾಕು
ಅಂದರು ಗಿರಿಮಲ್ಲಗೌಡರು.
ಮೌನೇಶ ಒತ್ತು ಎಣಿಸಿ ನಕ್ಕ.

ಪ್ರಜಾವತ್ಸಲ ಸುಳ್ಳು.
ಪಟ್ಟಿ ಕಟ್ಟದ ಕುರುಬರ ಓಣಿಯ ಮೂವರನ್ನು
ಇದೇ ವಾಡೆಯ ಮುಂದೆ, ನಡು ಮಧ್ಯಾಹ್ನ,
ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೇರಿಸಿದ ದೇಸಾಯಿ ಇವನೇ.
ಆ ಓಣಿಯಲ್ಲಿ ಈಗಲೂ ಅವನ ಹೆಸರೆತ್ತಿದರೆ
ಮುದುಕರು ಎಲೆಅಡಿಕೆ ಉಗುಳಿ ಎದ್ದುಹೋಗುತ್ತಾರೆ.

ಅದೇ ಮನುಷ್ಯ
ರಂಗೂನಿನ ಮೇಲೆ ಬಾಂಬು ಬಿದ್ದ ಮರುವರ್ಷ
ಗದಗ ಠೇಸನ್ನಿಗೆ ಬೀಗರನ್ನು ಕಳಿಸಲು ಹೋಗಿ
ಗೂಡ್ಸ್ ಶೆಡ್ಡಿನ ನೆರಳಲ್ಲಿ ಕೂತ
ಇಪ್ಪತ್ತಮೂರು ಮಕ್ಕಳನ್ನು ಕಂಡ.
ಕಾಡು ದಾಟಿ ನಡೆದು ಬಂದವು.
ಕೆಲವಕ್ಕೆ ತೆಲುಗು, ಕೆಲವಕ್ಕೆ ತಮಿಳು,
ಒಂದಕ್ಕೆ ಯಾವ ಮಾತೂ ಇಲ್ಲ.
ಯಾರವಿವು? ಅಂದ. ಠೇಸನ್ ಮಾಸ್ತರ
ಕಾಗದ ತಿರುವಿಹಾಕಿ, ಯಾರವೂ ಅಲ್ಲ ಅಂದ.
ಹಾಗಾದರೆ ನನ್ನವು, ಅಂದನಂತೆ ದೇಸಾಯಿ.
ಇದು ಗೌಡರು ಭಾಷಣದಲ್ಲಿ ಹೇಳುವುದು.
ನಮ್ಮ ಮನೆಯಲ್ಲಿ ಹೇಳುವುದು ಬೇರೆ:
ಅವನು ಏನೂ ಅನ್ನಲಿಲ್ಲ.
ಕೂತು, ಒಂದರ ಅಂಗಾಲು ಎತ್ತಿ ನೋಡಿದ,
ಲಾಳ ಕಳಚಿದ ಗೊರಸು ನೋಡುವ ಹಾಗೆ.
ಬಂಡಿ ಹೂಡು ಹುಸೇನಾ, ಅಂದ.

ವಾರದೊಳಗೆ ಏಜಂಟ್ ಸಾಹೇಬನ ಪತ್ರ:
ಲಡಾಯಿ ಕಾಲ. ಪರದೇಶಿ ಮಕ್ಕಳಿಗೆ
ಸಂಸ್ಥಾನದ ಬೊಕ್ಕಸದಿಂದ ಒಂದು ಪೈ ಕೂಡದು.
ಕುದುರೆಯ ಖರ್ಚಿಗೆ ಅಡ್ಡಿಯಿಲ್ಲ,
ಕುದುರೆ ಲಡಾಯಿಗೆ ಬೇಕಾದೀತು.

ರಾತ್ರೋರಾತ್ರಿ ಕುದುರೆ ಮಾರಿದ. ಲಾಯ ತೊಳೆಸಿದ.
ಕುದುರೆ ಹೋದವು, ಲೆಕ್ಕ ಉಳಿಯಿತು.

ಆ ದಫ್ತರ ಈಗ ನನ್ನ ತೊಡೆಯ ಮೇಲಿದೆ,
ಕೆಂಪು ಅರಿವೆಯ ಗಂಟು, ಹುಳ ತಿಂದ ಅಂಚು,
ಕಾರಕೂನ ವಾಸಪ್ಪನ ಅಕ್ಷರ, ಮೋಡಿಯ ನಡುವೆ ಕನ್ನಡ:

    ಕುದುರೆ ಇಪ್ಪತ್ತಮೂರಕ್ಕೆ ಹಾನಗಲ್ಲ ಅಕ್ಕಿ, ನಾಕು ಚೀಲ.
    ರೊಟ್ಟಿ ಒಗ್ಗಲಿಲ್ಲ.
    ಕುದುರೆಗೆ ಸ್ಲೇಟು, ಡಜನ್ ಎರಡು. ದಾರಿಯಲ್ಲಿ ಒಡೆದದ್ದು ಒಂದು.
    ಸಣ್ಣ ಕುದುರೆ ರಾತ್ರಿ ಅಳುತ್ತದೆ. ಕಂದೀಲು, ಎಣ್ಣೆ.
    ಹೆಣ್ಣು ಕುದುರೆ ಆರಕ್ಕೆ ರಿಬ್ಬನ್ನು.
    ಹುಸೇನನ ಪಗಾರ ಮೊದಲಿನಂತೆ.

ಕುದುರೆಯಿಲ್ಲದ ಲಾಯದಲ್ಲೇ ಮಲಗುತ್ತಿದ್ದನಂತೆ ಹುಸೇನಸಾಬ.
ಜೂಲು ಬಾಚುವ ಹಣಿಗೆಯಿಂದ ಅವುಗಳ ತಲೆ ಬಾಚುತ್ತಿದ್ದ.
ಅದರಿಂದ ಹೇನು ಹೋಗ್ತಾವೇನು, ಅಂತ ಬೈದು
ಮುತ್ತಜ್ಜಿ ತನ್ನದನ್ನು ಕಳಿಸಿದಳು.
ಅದು ತಿರುಗಿ ಮನೆಗೆ ಬರಲಿಲ್ಲ,
ಆ ಸಿಟ್ಟು ಮಾತ್ರ ಇನ್ನೂ ಇದೆ.

ಸಾಹೇಬ ಒಮ್ಮೆ ತಪಾಸಣೆಗೂ ಬಂದಿದ್ದ.
ಲಾಯದ ಬಾಗಿಲಲ್ಲಿ ನಿಂತಾಗ
ಒಳಗೆ ಎರಡರ ಮಗ್ಗಿ ನಡೆದಿತ್ತು.
ತುಸು ಹೊತ್ತು ಕೇಳಿ, ದಫ್ತರ ತರಿಸಿ,
ಕುದುರೆ ಚೆನ್ನಾಗಿವೆ, ಅಂತ ಬರೆಸಿ
ಸಹಿ ಹಾಕಿ ಹೋದ.

ಇದನ್ನು ಓದಿ ನಗುತ್ತಲೇ ಇದ್ದೆ,
ಎಪ್ಪತ್ತೊಂದನೇ ಪುಟದವರೆಗೆ.

    ಬಿಳಿ ಮಲಮಲ, ಎರಡು ಮೊಳ.

ಅದರ ಮುಂದೆ 'ಒಂದು ಕುದುರೆ ಸತ್ತಿತು' ಅಂತ ಬರೆದು,
ಹೊಡೆದುಹಾಕಿ, ಮೇಲೆ ಸಣ್ಣಗೆ
'ತೀರಿಕೊಂಡಳು' ಅಂತ ತಿದ್ದಿದ್ದಾನೆ ವಾಸಪ್ಪ.
ನಾಕು ವರ್ಷದ ಲೆಕ್ಕದಲ್ಲಿ ಅವನು ತಪ್ಪಿದ್ದು ಅದೊಂದೇ ಕಡೆ.
ಆ ಪುಟಕ್ಕೆ ದೇಸಾಯಿಯ ಸಹಿ ಇಲ್ಲ.

ಚೀಟಿ ಕೊಟ್ಟೆ ಮೌನೇಶನಿಗೆ.
ಬಿರುದಿಲ್ಲ. ಮೂವರ ಬೆನ್ನ ಮೇಲಿನ ಕಲ್ಲಿನ ಮಾತೂ
ಬರೆಯಲು ಧೈರ್ಯ ಸಾಲಲಿಲ್ಲ, ಅದು ನನ್ನ ಬಾಕಿ.
'ಈ ಲಾಯದಲ್ಲಿ ಇಪ್ಪತ್ತಮೂರು ಕುದುರೆ ಇದ್ದವು.
ಅನ್ನ ಉಂಡವು, ಮಗ್ಗಿ ಕಲಿತವು.
ಒಬ್ಬಳು ತೀರಿಕೊಂಡಳು.'

ಗೌಡರು ಏನನ್ನುತ್ತಾರೋ.
ಮೌನೇಶ ಬೆರಳು ಮಡಚಿ ಎಣಿಸುತ್ತ ಅಲ್ಲೇ ನಿಂತ:
'ಟೀಚರ್, ಇಲ್ಲೊಂದು ತಪ್ಪೈತಿ ನೋಡ್ರಿ,
ಕುದುರೆಗೆ ಯಾರರೆ ಒಬ್ಬಳು ಅಂತಾರೇನು?'

ಇರಲಿ, ಅಂದೆ. ಅದನ್ನ ಹಂಗ ಹೊಡಿ.